65 ವ್ಯಾಟ್ ಲ್ಯಾಪ್‌ಟಾಪ್‌ಗೆ 90 ವ್ಯಾಟ್ ಚಾರ್ಜರ್ ಹಚ್ಚಿದ ನನ್ನ ಅನುಭವ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್ ಮಾಡುತ್ತೇನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಲ್ಯಾಪ್‌ಟಾಪ್ ನಿಂತರೆ ಅಂಗಡಿಯೇ ನಿಂತಂತೆ. ಏಪ್ರಿಲ್‌ನ ಒಂದು ಮಧ್ಯಾಹ್ನ, ಕರೆಂಟ್ ಹೋಗಿ ಬಂದು ಮಾಡುತ್ತಿದ್ದಾಗ, ಚಾರ್ಜರ್ ಸತ್ತಿತು.

ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದೆ. ಒಬ್ಬ ಅಂಗಡಿಯವರು ಎಲ್ಲ ಲ್ಯಾಪ್‌ಟಾಪಿಗೂ ಆಗುವ ಚಾರ್ಜರ್ ತೋರಿಸಿ, "ಪಿನ್ ಕೂತರ ಮುಗೀತ್ರಿ, ನಡೀತದ" ಅಂದರು. ಅದರ ಬದಿಯಲ್ಲಿ 12ರಿಂದ 24 ವೋಲ್ಟ್‌ವರೆಗೆ ಸರಿಸುವ ಸಣ್ಣ ಗುಂಡಿ. ಅದು 24ರಲ್ಲೇ ನಿಂತಿತ್ತು. ನನಗೆ ಬೇಕಾದದ್ದು 19.5. ವಾಪಸ್ ಕೊಟ್ಟು ಬಂದೆ.

ಸಂಜೆ ಅಳಿಯ ತನ್ನ ಚಾರ್ಜರ್ ತಂದ. "ಮಾಮಾ, ನಿಮ್ದು 65 ವ್ಯಾಟ್, ಇದು 90 ಅದ. ಸುಟ್ಟು ಹೋಗ್ತದೇನ್ರಿ?"

ಎರಡನ್ನೂ ಬೋರಲು ಹಾಕಿ ಓದಿದೆವು. ನನ್ನದು 19.5 ವೋಲ್ಟ್, 3.34 ಆಂಪಿಯರ್. ಅವನದು 19.5 ವೋಲ್ಟ್, 4.62 ಆಂಪಿಯರ್. ಕಂಪನಿಯೂ ಒಂದೇ, ಪಿನ್ನೂ ಒಂದೇ. ವೋಲ್ಟ್ ಹೊಂದಲೇಬೇಕು, ಅಲ್ಲಿ ರಾಜಿ ಇಲ್ಲ. ಅವನದರ ವ್ಯಾಟ್ ಹೆಚ್ಚಿರುವುದು ಆಂಪಿಯರ್ ಹೆಚ್ಚಿರುವುದರಿಂದ, ಅದಕ್ಕೆ ಅಡ್ಡಿಯಿಲ್ಲ. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಫ್ರಿಜ್ ಓಡುವ ಬೋರ್ಡಿಗೇ 9 ವ್ಯಾಟ್ ಬಲ್ಬು ಹಾಕಿದರೂ ಅದು 9 ವ್ಯಾಟೇ ತಿನ್ನುವುದಲ್ಲವೇ?

ಆದರೂ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯದೆ ಹಚ್ಚಲಿಲ್ಲ. ಈ ಪಿನ್ನಿನ ನಡುವೆ ಸೂಜಿಯಂಥದ್ದೊಂದು ಇದೆ. ಅದು ಬ್ಯಾಟರಿ ತುಂಬಲಿಕ್ಕಲ್ಲ. ಚಾರ್ಜರ್ ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಸಲು. ಮೀಟರಿನ ಕೆಂಪು ಕಡ್ಡಿ ಒಳಗೋಡೆಗೂ ಸೂಜಿಗೂ ಒಟ್ಟಿಗೆ ತಾಗಿದರೆ ಆ ಗುರುತಿನ ಚಿಪ್ ಸುಡಬಹುದು. ಉಸಿರು ಬಿಗಿಹಿಡಿದು ಕೆಂಪನ್ನು ಒಳ ಅಂಚಿಗೆ, ಕಪ್ಪನ್ನು ಹೊರಮೈಗೆ ಮುಟ್ಟಿಸಿದೆ. 19.6 ತೋರಿಸಿತು. ಸಾಕು. ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಗಿರಾಕಿಗಳು ತಂದ ಡೂಪ್ಲಿಕೇಟ್ ಚಾರ್ಜರಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಚಾರ್ಜರ್ ಹಚ್ಚಿ ಮೊದಲ ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಇಟ್ಟಿಗೆಯಂಥ ಆ ಡಬ್ಬಿಯನ್ನು ಹಾಸಿಗೆ ಮೇಲಿಡದೆ ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟೆ. ನಮ್ಮ ಬಿಸಿಲಿಗೆ ಅದೇ ಸರಿ. ಮುಟ್ಟಿ ಮುಟ್ಟಿ ನೋಡಿದೆ, ನನ್ನ ಹಳೆಯದರಷ್ಟೂ ಕಾಯಲಿಲ್ಲ. ತಾಕತ್ತಿಗಿಂತ ಕಡಿಮೆ ದುಡಿಯುತ್ತಿತ್ತು, ಅದಕ್ಕೆ.

ಟೈಪ್-ಸಿ ಇದ್ದವರಿಗೆ ಇಷ್ಟು ತಲೆನೋವಿಲ್ಲ. ಎಷ್ಟು ವೋಲ್ಟ್ ಬೇಕೆಂದು ಚಾರ್ಜರ್, ಲ್ಯಾಪ್‌ಟಾಪ್ ಎರಡೂ ಮೊದಲೇ ಮಾತಾಡಿಕೊಳ್ಳುತ್ತವೆ. 60 ವ್ಯಾಟ್ ದಾಟಿದರೆ ಮಾತ್ರ 5 ಆಂಪಿಯರಿನ ಕೇಬಲ್ಲೇ ಬೇಕು.

ವಾರದ ಮೇಲೆ ನನ್ನ ಕಂಪನಿಯದೇ ಹೊಸ 65 ವ್ಯಾಟ್ ಬಂತು. ಅಳಿಯ ಅದನ್ನೇ ಒಯ್ಯಲು ನೋಡಿದ. "ಬ್ಯಾಡಪಾ, ನಿನ್ನ ಲ್ಯಾಪ್‌ಟಾಪಿಗೆ ಇದು ಸಾಲಂಗಿಲ್ಲ" ಅಂತ ಅವನ 90 ಅನ್ನೇ ಕೈಗಿಟ್ಟೆ.