ಬೈಕಿಗೆ ಫ್ಯುಯೆಲ್ ಟ್ಯೂನರ್: ಮೊದಲು ತಂತಿ ನೋಡಿ, ಆಮೇಲೆ ಬೆಲೆ

ಮೇ ತಿಂಗಳ ಮಧ್ಯಾಹ್ನ ಸಿಂಧನೂರು ದಾಟಿ ರಾಯಚೂರಿನ ಕಡೆ ಬೈಕ್ ಓಡಿಸಿದವರಿಗೆ ಇದು ಗೊತ್ತು. ಮೊಣಕಾಲಿನ ಒಳಮಗ್ಗುಲಿಗೆ ಎಂಜಿನ್ ಶಾಖ ಕಾದ ಹಂಚಿನಂತೆ ಬಡಿಯುತ್ತದೆ, ನಿಧಾನಕ್ಕೆ ಹೋಗುವಾಗ ಗಾಡಿ ಜಗ್ಗುತ್ತದೆ, ಥ್ರಾಟಲ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಹೀಗೆಂದು ಹೇಳಿಕೊಂಡರೆ ‘ಟ್ಯೂನರ್ ಹಾಕಿಸಿಬಿಡು’ ಎನ್ನುವವರು ಊರಿಗೆ ಹತ್ತು ಜನ. ಟ್ಯೂನರ್ ಎಂದರೆ ಎಂಜಿನ್‌ಗೆ ಹೋಗುವ ಇಂಧನದ ಪ್ರಮಾಣ ಬದಲಿಸುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ. ಯಾವುದನ್ನು ಹಾಕಿಸಬೇಕು ಎಂದು ಕೇಳಿದರೆ ಬೆಲೆ ಹೇಳುತ್ತಾರೆ, ಇಲ್ಲವೇ ಎಷ್ಟು ಪಿಕಪ್ ಏರುತ್ತದೆಂದು ಹೇಳುತ್ತಾರೆ. ನಾನು ಕೇಳುವುದು ಬೇರೆ ಪ್ರಶ್ನೆ: ಆ ಪೆಟ್ಟಿಗೆ ಯಾವ ತಂತಿಗೆ ಕೈ ಹಾಕುತ್ತದೆ?

ಅದಕ್ಕೂ ಮೊದಲು ನಿಮ್ಮ ಗಾಡಿಯನ್ನು ನೋಡಿ. ಕಾರ್ಬ್ಯುರೇಟರ್ ಇದ್ದರೆ ಈ ಲೇಖನ ನಿಮಗಲ್ಲ, ಜೆಟ್ ಬದಲಿಸಿದರೆ ಸಾಕು. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ನಮ್ಮ ರಸ್ತೆಗಿಳಿದ ಹೊಸ ಬೈಕುಗಳಲ್ಲಿ ಹೆಚ್ಚಿನವು ಎಲೆಕ್ಟ್ರಾನಿಕ್ ಲೆಕ್ಕದಂತೆ ಇಂಧನ ಸಿಂಪಡಿಸುವ ಇಂಜೆಕ್ಟರ್ ಗಾಡಿಗಳು. ಮುಂದಿನ ಮಾತು ಅವುಗಳಿಗೆ.

ಏರ್ ಫಿಲ್ಟರ್ ಬಿಚ್ಚಿ ನೋಡಿ. ತೋರಣಗಲ್ಲು–ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ದಿನಾ ಓಡಾಡುವ ಗಾಡಿಯ ಫಿಲ್ಟರ್ ಕೆಂಪು ಇಟ್ಟಿಗೆಯಂತಾಗಿರುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಆ ರಸ್ತೆಗೆ ಹೊಂದುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಸೈಲೆನ್ಸರ್ ಎಂಜಿನ್‌ಗೆ ಸೇರುವ ಜಾಗದ ಗ್ಯಾಸ್ಕೆಟ್ ಸೋರುತ್ತಿದ್ದರೂ ಪಟಪಟ ಸದ್ದು ಬರುತ್ತದೆ. ಗೆಳೆಯರೊಬ್ಬರ 350 ಸಿಸಿ ಗಾಡಿಯ ಜಗ್ಗಾಟ ಫಿಲ್ಟರ್, ಗ್ಯಾಸ್ಕೆಟ್ ಎರಡನ್ನೂ ಬದಲಿಸಿದ ದಿನವೇ ನಿಂತಿತು. ಅಷ್ಟರಲ್ಲಿ ಅವರು ಟ್ಯೂನರ್ ಕೊಂಡಾಗಿತ್ತು.

ಇಷ್ಟಾದರೂ ತೊಂದರೆ ಉಳಿದರೆ, ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಹೇಗೆ ಲೆಕ್ಕ ಹಾಕುತ್ತದೆ ಎಂಬುದು ತಿಳಿದಿರಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್‌ಗೆ 9 ಗ್ರಾಂ ಸಾಕು, ಹಾಗಾಗಿ ಶೇ 20 ಎಥೆನಾಲ್ ಬೆರೆಸಿದ ಇ20 ಇಂಧನಕ್ಕೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಒಂದೇ ವೇಗದಲ್ಲಿ ಹದವಾಗಿ ಹೋಗುವಾಗ ಇಸಿಯು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಇಂಧನವನ್ನು ಏರಿಸಿ ಇಳಿಸಿ ಆ ಹದದಲ್ಲೇ ಹಿಡಿಯುತ್ತದೆ. ಇದಕ್ಕೆ ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಸೆನ್ಸರ್ ಮಾತು ಬಿಟ್ಟು, ತನ್ನೊಳಗಿನ ಮ್ಯಾಪ್ (ಯಾವಾಗ ಎಷ್ಟು ಇಂಧನ ಎಂಬ ಪಟ್ಟಿ) ನೋಡಿ ಇಂಧನ ಕೊಡುತ್ತದೆ. ಇದು ಓಪನ್ ಲೂಪ್. ಹೆಚ್ಚು ಶಕ್ತಿ ಸಿಗುವುದು ಮಿಶ್ರಣ ತುಸು ಗಟ್ಟಿಯಾದಾಗ, ಅಂದರೆ ಗಾಳಿಗಿಂತ ಇಂಧನದ ಪಾಲು ತುಸು ಏರಿದಾಗ, ಶುದ್ಧ ಪೆಟ್ರೋಲಿಗೆ 12.5ರಿಂದ 13ರ ಆಸುಪಾಸಿನಲ್ಲಿ.

ಈಗ ಪೆಟ್ಟಿಗೆಗಳಿಗೆ ಬನ್ನಿ. ಅಗ್ಗದ್ದು ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್‌ನ ತಂತಿಗೆ ಕೂರುತ್ತದೆ. ಗಾಳಿ ತಣ್ಣಗಿದೆ ಎಂದು ಇಸಿಯುಗೆ ಸುಳ್ಳು ಹೇಳಿ ಹೆಚ್ಚು ಇಂಧನ ಪಡೆಯುತ್ತದೆ. ಒಳಗೆ ಬರೀ ಒಂದು ರೆಸಿಸ್ಟರ್ ಇರುವುದನ್ನು ನಮ್ಮ ಭಾಗದವರು ಮುಟ್ಟಲೇಬಾರದು. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿಯಲ್ಲಿ ಆಮ್ಲಜನಕ ಶೇ 5ರಷ್ಟು ಕಡಿಮೆ. ರೆಸಿಸ್ಟರ್ ‘20 ಡಿಗ್ರಿ’ ಎಂದು ಪಟ್ಟು ಹಿಡಿದರೆ ಬೇಸಿಗೆಯಲ್ಲಿ ಇಂಧನ ಅತಿಯಾಗುತ್ತದೆ, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕಡಿಮೆ ಬೀಳುತ್ತದೆ. ಹೊರಗಿನ ಉಷ್ಣತೆಯನ್ನು ತಾನೂ ಅಳೆದು ಅದಕ್ಕೆ ತಕ್ಕಂತೆ ಬದಲಾಗುವ ಪೆಟ್ಟಿಗೆಗಳು ಇದಕ್ಕಿಂತ ವಾಸಿ.

ಎರಡನೆಯದು ಇಂಜೆಕ್ಟರ್ ತಂತಿಗೆ ಕೂತು, ಇಂಜೆಕ್ಟರ್ ತೆರೆದಿರುವ ಹೊತ್ತನ್ನೇ ಹಿಗ್ಗಿಸಿ ಕುಗ್ಗಿಸುವ ಪಿಗ್ಗಿಬ್ಯಾಕ್. ಅಮೆರಿಕದ ಡೈನೋಜೆಟ್‌ನ ಪವರ್ ಕಮಾಂಡರ್ ಈ ಜಾತಿಯದು. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಪವರ್‌ಟ್ರಾನಿಕ್ ಇಂಧನದ ಜೊತೆಗೆ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಕೂಡ ಬದಲಿಸುತ್ತದೆ. ಅದು ಬಲವೂ ಹೌದು, ಅಪಾಯವೂ ಹೌದು: ನಮ್ಮ ಬಿಸಿಲಿನಲ್ಲಿ ಕಿಡಿ ಬೇಗ ಹಾರುವಂತೆ ಟೈಮಿಂಗ್ ಮುಂದೆ ತಳ್ಳಿದರೆ ಎಂಜಿನ್ ನಾಕ್ ಹೊಡೆಯಬಹುದು, ಅಂದರೆ ಇಂಧನ ಹದತಪ್ಪಿ ಸಿಡಿದು ಕಟಕಟ ಎನ್ನಬಹುದು. ಈ ಜಾತಿಯಲ್ಲಿ ಕೊಳ್ಳುವವರು ಕೇಳಲೇಬೇಕಾದ ಮಾತೊಂದಿದೆ. ನೀವು ಶೇ 5 ಇಂಧನ ಸೇರಿಸಿದರೆ ಕ್ಲೋಸ್ಡ್ ಲೂಪ್‌ನಲ್ಲಿರುವ ಇಸಿಯು ಅದನ್ನು ಕಂಡು ಅಷ್ಟೇ ಕಡಿತ ಮಾಡುತ್ತದೆ. ಆಕ್ಸಿಜನ್ ಸೆನ್ಸರ್‌ಗೆ ಏನು ವ್ಯವಸ್ಥೆ ಇದೆ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಊರೊಳಗಿನ ಜಗ್ಗಾಟಕ್ಕೆ ಆ ಪೆಟ್ಟಿಗೆ ಪ್ರಯೋಜನಕ್ಕೆ ಬಾರದು.

ಅದೇ ಬೆಂಗಳೂರು ಕಂಪನಿಯ ಫ್ಯುಯೆಲ್‌ಎಕ್ಸ್, ಗಾಡಿಯಲ್ಲಿ ಇರುವ ಆಕ್ಸಿಜನ್ ಸೆನ್ಸರನ್ನೇ ಓದಿಕೊಂಡು ತಾನೇ ಹೊಂದಿಸಿಕೊಳ್ಳುವ ಬಗೆಯದು. ಗಾಡಿಯ ಶಕ್ತಿ ಅಳೆಯುವ ಡೈನೋ ಯಂತ್ರಕ್ಕಾಗಿ ದೂರ ಹೋಗಲಾಗದ ನಮ್ಮಂಥವರಿಗೆ, ಸೈಲೆನ್ಸರ್ ಅಥವಾ ಫಿಲ್ಟರ್ ಮಾತ್ರ ಬದಲಿಸಿದ್ದರೆ, ನಾನು ಹೇಳುವುದು ಈ ಬಗೆಯನ್ನೇ. ಇಸಿಯು ಫ್ಲ್ಯಾಶ್ ಮಾಡಿಸುವುದರಲ್ಲಿ, ಅಂದರೆ ಅದರೊಳಗಿನ ಮ್ಯಾಪನ್ನೇ ಹೊಸದಾಗಿ ಬರೆಸುವುದರಲ್ಲಿ, ಹೆಚ್ಚಿನ ತಂತಿ ಇಲ್ಲ, ಆದರೆ ಮಾಡುವವರ ಕೈ ಚೆನ್ನಾಗಿರಬೇಕು.

ಕಾನೂನಿನ ಮಾತನ್ನು ಮುಚ್ಚಿಡುವುದಿಲ್ಲ. ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ ಆಗಬಹುದು. ವಾರಂಟಿ ಇರುವ ಗಾಡಿಯಾದರೆ ಅದು ಮುಗಿಯುವವರೆಗೆ ಕಾಯಿರಿ.

ಅಳವಡಿಸುವ ದಿನ ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ತಂತಿ ಕತ್ತರಿಸಿ ಟೇಪು ಸುತ್ತುವ ಪೆಟ್ಟಿಗೆ ಬೇಡ, ಕಪ್ಲರ್‌ಗೆ ಕಪ್ಲರ್ ಕೂರುವಂಥದ್ದೇ ಬೇಕು. ಸೀಟಿನ ಕೆಳಗೆ, ಸೈಲೆನ್ಸರ್‌ಗೆ ದೂರ, ವಾಟರ್ ವಾಷ್‌ನ ನೀರು ತಾಗದ ಕಡೆ ಕಟ್ಟಿ. ಅರ್ಥ್ ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೇ ಕೊಡಿ. ಮ್ಯಾಪ್ ಬದಲಿಸುವ ಪೆಟ್ಟಿಗೆಯಾದರೆ ಮೊದಲು ಏನನ್ನೂ ಬದಲಿಸದ ಸೊನ್ನೆ ಮ್ಯಾಪ್‌ನಲ್ಲಿ ಓಡಿಸಿ. ಗಾಡಿ ಮೊದಲಿನಂತೆಯೇ ನಡೆದರೆ ಜೋಡಣೆ ಸರಿಯಿದೆ ಎಂದರ್ಥ.

ಪರೀಕ್ಷೆಗೆ ಬಳ್ಳಾರಿಯಿಂದ ಕುಡಿತಿನಿಯ ರಸ್ತೆ ಒಳ್ಳೆಯದು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಒಂದೇ ಬಂಕಿನ ಪೆಟ್ರೋಲ್, ಒಂದೇ ಟೈರ್ ಗಾಳಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಮೈಲೇಜ್ ಬರೆದಿಡಿ. ಹಾಕಿಸುವ ಮುಂಚಿನ ಮೂರು ಟ್ಯಾಂಕಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುತ್ತೀರಿ? ಮುನ್ನೂರು ಕಿಲೋಮೀಟರ್ ಆದ ಮೇಲೆ ಪ್ಲಗ್ ಬಿಚ್ಚಿ: ಮಸಿ ಕಟ್ಟಿದ್ದರೆ ಇಂಧನ ಒಂದು ಹಂತ ಇಳಿಸಿ, ಸುಣ್ಣದಂತೆ ಬೆಳ್ಳಗಿದ್ದರೆ ಒಂದು ಹಂತ ಏರಿಸಿ, ತಿಳಿಕಂದು ಇದ್ದರೆ ಮುಟ್ಟದೆ ಹಾಗೇ ಬಿಡಿ.