ನಿಮ್ಮ ಪುಸ್ತಕ: ನೀವೇ ಅಚ್ಚು ಹಾಕಿಸುವುದೋ, ಪ್ರಕಾಶಕರಿಗೆ ಕೊಡುವುದೋ?

ಹಸ್ತಪ್ರತಿ ಮುಗಿದಿದೆ. ಓದಿದ ಗೆಳೆಯರು 'ಪುಸ್ತಕ ಮಾಡಿ' ಅಂದಿದ್ದಾರೆ. ಈಗ ಅಚ್ಚು ಹಾಕಿಸುವುದು ದೊಡ್ಡ ವಿಷಯವೇ ಅಲ್ಲ. ದುಡ್ಡು ಕೊಟ್ಟರೆ ಕೆಲವೇ ವಾರಗಳಲ್ಲಿ ಬಂಡಲ್‌ಗಳು ಮನೆಗೆ ಬಂದು ಬೀಳುತ್ತವೆ. ಆ ಬಂಡಲ್ ಖಾಲಿ ಮಾಡುವವರು ಯಾರು ಎನ್ನುವುದೇ ನಿಜವಾದ ಪ್ರಶ್ನೆ. ಲೆಕ್ಕ ಅಲ್ಲಿಂದಲೇ ಶುರುವಾಗಲಿ.

ಮೊದಲು, ಕೊಳ್ಳುವವರ ಪಟ್ಟಿ ಬರೆಯಿರಿ

ಗೌರವ ಪ್ರತಿ ತೆಗೆದುಕೊಳ್ಳುವವರನ್ನು ಇದರಲ್ಲಿ ಸೇರಿಸಬೇಡಿ. ಫೇಸ್‌ಬುಕ್‌ನಲ್ಲಿ ಲೈಕ್ ಒತ್ತುವವರನ್ನೂ ಬಿಡಿ. ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು ಮಂದಿ, ಅವರು ಸಿಗುವುದು ಎಲ್ಲಿ? ನೀವು ಅಡಿಕೆ ಕೃಷಿ ಬಗ್ಗೆ ಬರೆದಿದ್ದೀರಿ, ತಿಂಗಳಿಗೊಮ್ಮೆ ರೈತರ ಸಭೆಗೆ ಹೋಗುತ್ತೀರಿ ಎಂದರೆ ನಿಮ್ಮ ಓದುಗರು ನಿಮಗೇ ಗೊತ್ತು. ಅಂಥ ಪುಸ್ತಕವನ್ನು ನೀವೇ ತರುವುದು ಒಳ್ಳೆಯದು. ಕಾದಂಬರಿ, ಕಥಾಸಂಕಲನದ ಓದುಗ ಎಲ್ಲಿ ಕೂತಿದ್ದಾನೋ ಯಾರಿಗೆ ಗೊತ್ತು! ಅವನನ್ನು ಮುಟ್ಟಲು ಅಂಗಡಿ ಬೇಕು, ಸಾಹಿತ್ಯ ಸಮ್ಮೇಳನದ ಮಳಿಗೆ ಬೇಕು, ಆನ್‌ಲೈನ್ ಮಾರಾಟ ಬೇಕು. ಪ್ರಕಾಶಕರ ಬಳಿ ಇವೆಲ್ಲ ಆಗಲೇ ಇರುತ್ತವೆ.

ತಾವೇ ಮಾರುವುದು ಕನ್ನಡದಲ್ಲಿ ಹೊಸದೇನಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ಹೊತ್ತು ಊರೂರು ಸುತ್ತಿ ಮಾರಿದವರು. ನಿಮಗೆ ಅಷ್ಟು ಉಮೇದು ಇದೆಯಾ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಆಮೇಲೆ ಒಂದು ಕಾಗದದಲ್ಲಿ ಲೆಕ್ಕ ಹಾಕಿ

ಡೆಮಿ ಅಳತೆಯ 160 ಪುಟದ ಪುಸ್ತಕ, ಅಂದರೆ 16 ಪುಟದ 10 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪೇ ಫಾರಂ). 500 ಪ್ರತಿಗೆ ಮುದ್ರಣ, ಕಾಗದ, ಬೈಂಡಿಂಗ್ ಸೇರಿ ಒಂದಕ್ಕೆ 80 ರೂಪಾಯಿ ಬಿತ್ತು ಎಂದುಕೊಳ್ಳಿ. ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಕೆಲಸ), ಕರಡು ತಿದ್ದುವವರು, ಮುಖಪುಟ ಕಲಾವಿದರಿಗೆ ಇನ್ನೊಂದು 20 ಸಾವಿರ. ಒಟ್ಟು 60 ಸಾವಿರ. ನಿಮ್ಮ ಊರಿನ ದರ ಬೇರೆ ಇರಬಹುದು, ಮುದ್ರಕರನ್ನು ಕೇಳಿ ಅಂಕಿ ಬದಲಿಸಿಕೊಳ್ಳಿ.

ಬೆಲೆ 200 ರೂಪಾಯಿ ಇಟ್ಟಿರಿ. ಅಂಗಡಿಗೆ ಶೇ 40 ಕಮಿಷನ್ ಬಿಟ್ಟರೆ ಕೈಗೆ ಬರುವುದು 120. ಹೀಗೆ ಅಷ್ಟೂ ಪ್ರತಿ ಖರ್ಚಾದರೂ ಹಾಕಿದ ದುಡ್ಡಷ್ಟೇ ವಾಪಸ್ ಬರುತ್ತದೆ, ಲಾಭವಿಲ್ಲ. ಅದೇ ನೀವೇ ಕೈಯಾರೆ ಪೂರ್ತಿ ಬೆಲೆಗೆ ಮಾರಿದರೆ 300 ಪ್ರತಿಗೇ ಅಸಲು ಬಂತು. ಪ್ರಕಾಶಕರು ತಂದು, ಬೆಲೆಯ ಶೇ 10 ರಾಯಲ್ಟಿ (ಲೇಖಕರ ಪಾಲು) ಕೊಟ್ಟರೆ 500 ಪ್ರತಿಗೆ ನಿಮಗೆ 10 ಸಾವಿರ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ನಿಮ್ಮ ಜೇಬಿನಿಂದ ಒಂದು ಪೈಸೆ ಹೋಗಿಲ್ಲ, ಅಂಚೆ ಕಚೇರಿಗೆ ಓಡಾಡಿಲ್ಲ.

300 ಪ್ರತಿ ಮಾರುವ ಧೈರ್ಯ ಇಲ್ಲದವರು ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ವ್ಯವಸ್ಥೆ ನೋಡಬಹುದು. ಬೆಂಗಳೂರಿನ ಪೋತಿ ಡಾಟ್ ಕಾಮ್ ಅಂಥದ್ದು. ಪ್ರತಿ ಪುಸ್ತಕಕ್ಕೆ ಖರ್ಚು ಜಾಸ್ತಿ, ಆದರೆ ಮಂಚದ ಕೆಳಗೆ ಬಂಡಲ್ ಉಳಿಯುವುದಿಲ್ಲ.

ಪ್ರಕಾಶಕರ ಬಾಗಿಲು ತಟ್ಟುವುದಾದರೆ

ಸುಮ್ನೆ ಎಲ್ಲರಿಗೂ ಕಳಿಸಬೇಡಿ. ಅವರ ಪುಸ್ತಕಪಟ್ಟಿ ನೋಡಿ. ಕವನ ಸಂಕಲನವನ್ನೇ ತರದ ಪ್ರಕಾಶನಕ್ಕೆ ಕವನ ಕಳಿಸಿ ಕಾಯುವುದರಲ್ಲಿ ಅರ್ಥವಿಲ್ಲ. ಒಂದು ಪುಟದ ಪರಿಚಯ, ಎರಡು ಅಧ್ಯಾಯ, ಯುನಿಕೋಡ್‌ನಲ್ಲಿ (ಯಾವ ಕಂಪ್ಯೂಟರ್, ಮೊಬೈಲ್‌ನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿದ ಪ್ರತಿ ಸಾಕು. ಮೂರು ತಿಂಗಳು ಕಾದು ಒಮ್ಮೆ ವಿಚಾರಿಸಿ. ಮೊದಲ ಕಥಾಸಂಕಲನವಾದರೆ ಹಸ್ತಪ್ರತಿ ಸ್ಪರ್ಧೆಗಳೂ ಇವೆ. 'ಛಂದ ಪುಸ್ತಕ' ಪ್ರಕಾಶನ ಅಂಥದ್ದೊಂದನ್ನು ನಡೆಸುತ್ತ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ, ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸಬೇಕು. ಆದ್ದರಿಂದ ಅಚ್ಚಿಗೆ ಅವಸರ ಮಾಡಬೇಡಿ.

ಇಲ್ಲೊಂದು ಎಚ್ಚರಿಕೆ. 'ನಾವೇ ಪ್ರಕಟಿಸುತ್ತೇವೆ, ನೀವು ಇಷ್ಟು ಸಾವಿರ ಕೊಡಿ' ಎನ್ನುವವರು ಸಿಗುತ್ತಾರೆ. ದುಡ್ಡು ನಿಮ್ಮದು, ಹೆಸರು ಅವರದು, ಮಾರುವ ಹೊಣೆ ಯಾರದೂ ಅಲ್ಲ. ನನ್ನ ಮಟ್ಟಿಗೆ ಇದು ಎರಡೂ ದಾರಿಗಳಿಗಿಂತ ಕೆಟ್ಟದ್ದು. ಹಾಗೆ ಖರ್ಚು ಮಾಡುವುದೇ ಆದರೆ ನೇರವಾಗಿ ಮುದ್ರಕರ ಬಳಿ ಹೋಗಿ.

ನೀವೇ ತರುವುದಾದರೆ

ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕರಡನ್ನು ಬೇರೆಯವರಿಂದ ಓದಿಸಿ, ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಡಿಟಿಪಿಯವರಿಂದ ಪಿಡಿಎಫ್ ಜತೆಗೆ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಅದು ಯುನಿಕೋಡ್ ಅಲ್ಲದ ಹಳೆಯ 'ನುಡಿ' ಫಾಂಟ್‌ನಲ್ಲಿ ಮಾತ್ರ ಇದ್ದರೆ, ಮುಂದೆ ಇ-ಪುಸ್ತಕ ಮಾಡುವಾಗ ಅದನ್ನು ಯುನಿಕೋಡ್‌ಗೆ ಬದಲಿಸಿ ಒತ್ತಕ್ಷರಗಳನ್ನು ಮತ್ತೆ ತಿದ್ದುತ್ತ ಕೂರಬೇಕಾಗುತ್ತದೆ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಲೇಖಕ-ಪ್ರಕಾಶಕರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಸಂತೋಷ. ಆದರೆ ಅದನ್ನೇ ನಂಬಿ ಸಾಲ ಮಾಡಬೇಡಿ. ಆಯ್ಕೆ ಖಾತ್ರಿಯಿಲ್ಲ, ಹಣ ಕೈ ಸೇರಲು ಸಮಯವೂ ಹಿಡಿಯುತ್ತದೆ. 1954ರ ಕಾಯ್ದೆಯಂತೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಈಗ ಪ್ರಕಾಶಕರು ನೀವೇ ಆದ್ದರಿಂದ ಆ ಹೊಣೆಯೂ ನಿಮ್ಮದೇ.

ಪ್ರಕಾಶಕರು ಒಪ್ಪಿದರೆ

ಬಾಯಿಮಾತಿಗೆ ನಿಲ್ಲಿಸಬೇಡಿ. ಸಂಕೋಚ ಪಡದೆ ಕಾಗದ ಕೇಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಇರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. 'ಎಲ್ಲ ಹಕ್ಕುಗಳೂ' ಎಂಬ ಒಂದು ಸಾಲಿನಲ್ಲಿ ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಎಲ್ಲವೂ ಹೋಗಿಬಿಡಬಹುದು. ಮುದ್ರಣ ಹಕ್ಕು ಮಾತ್ರ ಕೊಟ್ಟು ಉಳಿದದ್ದನ್ನು ಬೇರೆಯಾಗಿ ಬರೆಸಿ. ಎಷ್ಟು ಪ್ರತಿ ಅಚ್ಚು, ರಾಯಲ್ಟಿ ಲೆಕ್ಕ ವರ್ಷದ ಯಾವ ತಿಂಗಳು, ಪ್ರತಿಗಳು ಮುಗಿದ ಮೇಲೆ ಮರುಮುದ್ರಣ ಆಗದಿದ್ದರೆ ಹಕ್ಕು ಯಾವಾಗ ವಾಪಸ್ ಎನ್ನುವುದೂ ಅದರಲ್ಲೇ ಇರಲಿ.