ಎಸಾವ್ ಬಗ್ಗೆ ಸೆಮಿನಾರ್ ಕೊಡಬೇಕೇ? ಮೊದಲು ಕುಂಬಳ ಬಳ್ಳಿ ತನ್ನಿ

ಎಂ.ಎಸ್ಸಿ. ಸೆಮಿನಾರ್‌ಗೆ ಗಿಡಗಳ ಒಳರಚನೆ ನೋಡಿದ ವಿಜ್ಞಾನಿ ಕ್ಯಾಥರೀನ್ ಎಸಾವ್ ಹೆಸರು ಬಂತು ಅಂತ ಯಾರಾದರೂ ನನ್ನ ಹತ್ತಿರ ಬಂದರೆ, ಪುಸ್ತಕಕ್ಕಿಂತ ಮೊದಲು ಕೈಗೆ ಬ್ಲೇಡ್ ಕೊಡುತ್ತೇನೆ. 22 ವರ್ಷದಿಂದ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ವಿಜ್ಞಾನಿಯ ಬದುಕು ಅಂದ ಕೂಡಲೇ ಹುಟ್ಟಿದ ವರ್ಷ, ಪ್ರಶಸ್ತಿಗಳ ಪಟ್ಟಿ, ಪ್ರಬಂಧಗಳ ಲೆಕ್ಕ ಬರುತ್ತದೆ. ಅವರು ದಿನವಿಡೀ ಕೂತು ಏನನ್ನು ನೋಡುತ್ತಿದ್ದರು ಅನ್ನುವುದು ಮಾತ್ರ ಬಿಟ್ಟುಹೋಗುತ್ತದೆ.

ಎಸಾವ್ ನೋಡಿದ್ದು ಫ್ಲೋಯಂ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ, ಕಾಯಿಗೆ ಹೋಗುವ ದಾರಿ ಅದು. ನೀವೂ ಅದನ್ನು ನೋಡಿ.

ಹಿತ್ತಿಲಲ್ಲಿ ಕುಂಬಳ ಬಳ್ಳಿ ಇದ್ದರೆ ಪೆನ್ಸಿಲ್ ದಪ್ಪದ ಒಂದು ತುಂಡು ಸಾಕು. ಕೊಯ್ದ ಕೂಡಲೇ ತುದಿಯಲ್ಲಿ ಹನಿ ಮೂಡುತ್ತದೆ. ಬೆರಳಲ್ಲಿ ಮುಟ್ಟಿ ನೋಡಿ. ಗಾಳಿ ತಾಗಿದ ಮೇಲೆ ಅದು ಲೋಳೆಯಾಗಿ ಗಟ್ಟಿಯಾಗುತ್ತದೆ. ಈ ಲೋಳೆ ನೆನಪಿರಲಿ, ಆಮೇಲೆ ಬೇಕು.

ಕಾಂಡದ ಒಳಗೆ ಟೊಳ್ಳು, ಹಾಗಾಗಿ ಉದ್ದಕ್ಕೆ ಸೀಳಿ ಒಂದು ಪಟ್ಟಿ ತೆಗೆದುಕೊಳ್ಳಿ. ಕ್ಯಾರೆಟ್ ಸೀಳಿನ ನಡುವೆ ಇಟ್ಟು ಹಿಡಿದರೆ ಜಾರುವುದಿಲ್ಲ. ಹೊಸ ಬ್ಲೇಡಿಗೆ ನೀರು ಹಚ್ಚಿ, ಒಂದೇ ಎಳೆತದಲ್ಲಿ ಅಡ್ಡಕ್ಕೆ ತೆಳ್ಳಗೆ ಕೊಯ್ಯಿರಿ. ಒತ್ತಬೇಡಿ. ಇಪ್ಪತ್ತು ಕೊಯ್ದರೆ ಎರಡು ಚೆನ್ನಾಗಿ ಬರುತ್ತವೆ, ಅಷ್ಟು ಸಾಕು. 0.05 ಶೇಕಡಾ ಟೊಲುಡಿನ್ ಬ್ಲೂ ಅನ್ನುವ ಬಣ್ಣದಲ್ಲಿ ಅರ್ಧ ನಿಮಿಷ ಇಟ್ಟು ನೀರಲ್ಲಿ ತೊಳೆಯಿರಿ. ಮೊದಲು ಸಣ್ಣ ಲೆನ್ಸ್. ದೊಡ್ಡ ದೊಡ್ಡ ತೂತುಗಳು ಕ್ಸೈಲಂ, ಅಂದರೆ ಬೇರಿನಿಂದ ನೀರು ಮೇಲೇರುವ ದಾರಿ. ಅದರ ಹೊರಗೂ ಒಳಗೂ, ಎರಡೂ ಕಡೆ ಫ್ಲೋಯಂ ಇರುತ್ತದೆ. ಕುಂಬಳದ ಜಾತಿಯಲ್ಲಿ ಹೀಗೆಯೇ. ಈಗ 40ರ ಲೆನ್ಸ್ ತಿರುಗಿಸಿ, ಫ್ಲೋಯಂನಲ್ಲಿ ಹಿಟ್ಟು ಜರಡಿಯ ಹಾಗೆ ತೂತು ತೂತಾದ ತಟ್ಟೆ ಹುಡುಕಿ. ಎಲ್ಲ ಕೊಯ್ತದಲ್ಲೂ ಅದು ಸಿಗುವುದಿಲ್ಲ. ಸಿಕ್ಕಿದಾಗ ಪಕ್ಕದವರನ್ನು ಕರೆಯದೆ ಇರಲು ಆಗುವುದಿಲ್ಲ.

ಇದಾದ ಮೇಲೆ ಬದುಕಿನ ಕಥೆಗೆ ಬನ್ನಿ. ದಾರಿ ಎಲ್ಲಿ ತಿರುಗಿತು ಅನ್ನುವುದನ್ನು ಹುಡುಕಿ. ಎಸಾವ್ 1898ರಲ್ಲಿ ಈಗಿನ ಉಕ್ರೇನಿನ ನಿಪ್ರೊ ಊರಲ್ಲಿ ಹುಟ್ಟಿದವರು. ರಷ್ಯಾದ ಕ್ರಾಂತಿಯ ನಂತರ ಮನೆಯವರೆಲ್ಲ ಜರ್ಮನಿಗೆ ಹೋದರು. 1922ರಲ್ಲಿ ಕ್ಯಾಲಿಫೋರ್ನಿಯಾಗೆ ಬಂದರು. ಅಲ್ಲಿ ಒಂದು ಸಕ್ಕರೆ ಕಂಪನಿಯಲ್ಲಿ ಅವರ ಕೆಲಸ ಏನು ಗೊತ್ತಾ? ಎಲೆ ಮುದುಡಿಸುವ ಕರ್ಲಿ ಟಾಪ್ ರೋಗವನ್ನು ತಡೆದುಕೊಳ್ಳುವ ಸಕ್ಕರೆ ಬೀಟ್ ತಳಿ ಬೆಳೆಸುವುದು. ಅದನ್ನೇ ಮುಂದುವರಿಸಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿಗೆ ಓದಲು ಹೋದರು. ರೋಗ ಹರಡುವುದು ಜಿಗಿಹುಳು. ಆ ಹುಳುಗಳನ್ನು ಅಲ್ಲಿನ ಹೊಲಕ್ಕೆ ಬಿಟ್ಟರೆ ಬೇರೆಯವರ ಬೀಟ್ ಕೂಡ ಹಾಳಾಗುತ್ತಿತ್ತು. ಹಾಗಾಗಿ ತಳಿಯ ಕೆಲಸ ಬಿಟ್ಟು, ರೋಗ ಬಂದ ಗಿಡದ ಒಳಗೆ ಏನಾಗುತ್ತದೆ ಅಂತ ನೋಡಲು ಕೂತರು. ಕೆಟ್ಟಿದ್ದು ಫ್ಲೋಯಂ. ಕೆಟ್ಟದ್ದು ಯಾವುದು ಅಂತ ಹೇಳಬೇಕಾದರೆ ಚೆನ್ನಾಗಿರುವುದು ಹೇಗೆ ಬೆಳೆಯುತ್ತದೆ ಅಂತ ಗೊತ್ತಿರಬೇಕು, ಅಲ್ವಾ? ಆ ಒಂದು ಪ್ರಶ್ನೆಗೆ ಇಡೀ ಆಯಸ್ಸು ಕೊಟ್ಟರು. ನಿಮ್ಮ ಸೆಮಿನಾರಿನ ಅರ್ಧ ಹೊತ್ತು ಇಲ್ಲೇ ಕಳೆಯಿರಿ. ಇದೇ ಕಥೆಯ ಜೀವಾಳ.

ಎರಡನೇ ತಿರುವು ಉಪಕರಣದ್ದು. ಅರವತ್ತು ದಾಟಿದ ಮೇಲೆ ಅವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಲಸದಲ್ಲಿ ಮುಳುಗಿದರು. 1963ರಲ್ಲಿ ಅದೇ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿಗೆ ಹೋಗಿ, ಜೀವಕೋಶದ ಒಳಗಿನ ವಿವರಗಳನ್ನು ವರ್ಷಗಟ್ಟಲೆ ನೋಡಿದರು. ನನಗೆ ಅವರ ಮೇಲಿನ ಗೌರವ ಜಾಸ್ತಿಯಾಗಿದ್ದು ಇದನ್ನು ತಿಳಿದಾಗ.

ಪ್ರಶಸ್ತಿಗಳನ್ನು ಒಂದೇ ಸ್ಲೈಡಿನಲ್ಲಿ ಮುಗಿಸಿ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1989ರಲ್ಲಿ ರಾಷ್ಟ್ರೀಯ ವಿಜ್ಞಾನ ಪದಕ.

ಪ್ರಭಾವ ಎಷ್ಟು ಅಂತ ಹೇಳಲು ಸುಮ್ನೆ ಸೈಟೇಷನ್ ಸಂಖ್ಯೆ ಹಾಕಬೇಡಿ. ಲೈಬ್ರರಿಗೆ ಹೋಗಿ. 1953ರಲ್ಲಿ ಅವರು ಬರೆದ 'ಪ್ಲಾಂಟ್ ಅನಾಟಮಿ'ಯನ್ನು ಅವರ ಶಿಷ್ಯ ರೇ ಎವರ್ಟ್ ಪರಿಷ್ಕರಿಸಿ 2006ರಲ್ಲಿ ಹೊರತಂದರು. ಆಗ ಪುಸ್ತಕದ ಹೆಸರೇ 'ಎಸಾವ್ಸ್ ಪ್ಲಾಂಟ್ ಅನಾಟಮಿ' ಆಯಿತು. ಎಸಾವ್ ತೀರಿಕೊಂಡು ಆಗಲೇ ಒಂಬತ್ತು ವರ್ಷ ಆಗಿತ್ತು. ಎರಡೂ ಮುದ್ರಣ ಸಿಕ್ಕರೆ ಫ್ಲೋಯಂ ಅಧ್ಯಾಯದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಏನು ಉಳಿದಿದೆ, ಏನು ಹೊಸತು ಅಂತ ಬರೆದುಕೊಳ್ಳಿ.

ಸೆಮಿನಾರಿನ ದಿನ ಮೈಕ್ರೋಸ್ಕೋಪನ್ನೂ ಹೊತ್ತು ತನ್ನಿ. ಈ ಸಲ ಕಾಂಡವನ್ನು ಉದ್ದುದ್ದಕ್ಕೆ ಕೊಯ್ದು ಇಡಿ. ಕೊಯ್ದಾಗ ಒಳಗಿನ ಒತ್ತಡ ಇಳಿದು, ಕೋಶದೊಳಗಿನ ಲೋಳೆ ನುಗ್ಗಿ ಬಂದು ಜರಡಿ ತಟ್ಟೆಗೆ ಮೆತ್ತಿಕೊಂಡಿರುತ್ತದೆ. ಬೆರಳಿಗೆ ಅಂಟಿತ್ತಲ್ಲ, ಅದರದೇ ನಂಟು. ಹಳೆಯ ಪುಸ್ತಕಗಳಲ್ಲಿ ಅದನ್ನು ಬರೀ ಲೋಳೆ ಅನ್ನುತ್ತಿದ್ದರು. ಪಿ-ಪ್ರೋಟೀನ್ (ಪಿ ಅಂದರೆ ಫ್ಲೋಯಂ) ಅಂತ ಹೆಸರಿಟ್ಟವರು ಎಸಾವ್ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ಕ್ರಾನ್ಷಾ, 1967ರಲ್ಲಿ. ಹೆಸರು ಹೇಳುವ ಮೊದಲು ಎಲ್ಲರೂ ಒಬ್ಬೊಬ್ಬರಾಗಿ ಬಂದು ನೋಡಲಿ.